ಟೆಸ್ಟ್ ಕಾಲ್

ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಒಂದು ಬಾಡಿಗೆ ರೂಮಿಗೆ ಇಂಟರ್‌ನೆಟ್ ಹಾಕೋಕೆ ಹೋಗಿದ್ದೆ. ರೂಮಿನವರು ಗದಗದ ಕಡೆಯವರು, ಒಬ್ಬರೇ. ರೌಟರ್‌ನಲ್ಲಿ ಹಸಿರು ದೀಪ ಬಂತು.

"ಯಾರಿಗಾದ್ರೂ ವಿಡಿಯೋ ಕಾಲ್ ಮಾಡಿ ನೋಡಿ ಸಾರ್," ಅಂದೆ.

ಅವರು ಬಹಳ ಹೊತ್ತು ಫೋನಿನಲ್ಲಿ ಹೆಸರುಗಳನ್ನ ಮೇಲೆ ಕೆಳಗೆ ಸರಿಸುತ್ತಾ ಕೂತರು. ಕೊನೆಗೆ, "ನಿಮಗೇ ಮಾಡ್ಲೇನ್ರಿ?" ಅಂದರು. ವಿಳಾಸ ಕೇಳೋಕೆ ನಾನು ಮಾಡಿದ್ದ ಕಾಲೇ ಪಟ್ಟಿಯಲ್ಲಿ ಮೇಲಿತ್ತು.

ನಾನು ಬಾಲ್ಕನಿಗೆ ಹೋಗಿ ನಿಂತೆ. ಕಾಲ್ ಯಾವ ಊರಿನ ಸರ್ವರ್ ಸುತ್ತಿ ಬಂತೋ, ನಾಲ್ಕು ಹೆಜ್ಜೆ ಆಚೆಗಿದ್ದ ಅವರ ಮುಖ ನನ್ನ ಫೋನಿನಲ್ಲಿ ಮೂಡಿತು.

"ಕಾಣ್ತೀನೇನ್ರಿ?"

"ಚೆನ್ನಾಗಿ ಕಾಣ್ತಿದೀರ ಸಾರ್."

ಟೆಸ್ಟ್ ಮುಗಿದಿತ್ತು. ಆದರೂ ಇಬ್ಬರೂ ಕಟ್ ಮಾಡಲಿಲ್ಲ. "ಚಾ ಕುಡೀತೀರೇನ್ರಿ?" ಅಂತ ಫೋನಿನಲ್ಲೇ ಕೇಳಿದರು.

ಈಗ ಎಲ್ಲಿ ಲೈನ್ ಹಾಕಿದರೂ ಟೆಸ್ಟಿಗೆ ಅವರಿಗೇ ಕಾಲ್ ಮಾಡ್ತೀನಿ. ಮೊದಲ ರಿಂಗಿಗೇ ಎತ್ತುತ್ತಾರೆ. ಭಾನುವಾರ ನನಗೆ ರಜೆ. ಅವತ್ತೂ ಒಂದು ಟೆಸ್ಟ್ ಇರುತ್ತೆ.