ಮಲಕಾರಿಯ ಬಲಗೈ

ಮಟನ್ ಕಡಿಯುವುದೆಂದರೆ ಸತ್ತೂರ ಎತ್ತಿ ಇಳಿಸುವುದಷ್ಟೇ ಎಂದುಕೊಂಡವರು ತಕ್ಕಡಿಯ ಆಚೆ ನಿಂತು ಚೀಲ ಚಾಚುವವರು. ಈಚೆ ನಿಂತವನ ಪಾಡೇ ಬೇರೆ. ನಿಪ್ಪಾಣಿಯ ಖಾಟೀಕರ ಓಣಿಯ ಮಲಕಾರಿ ನಸುಕಿಗೇ ಎದ್ದು, ಕೊಯ್ದ ಆಡನ್ನು ಎತ್ತಿ ಕೊಕ್ಕೆಗೆ ತೂಗುಹಾಕಬೇಕು. ತೊಗಲಿಗೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ, ಎಲ್ಲೂ ಹರಿಯದಂತೆ ಒತ್ತುತ್ತ ಒತ್ತುತ್ತ ತೊಗಲು ಬಿಡಿಸಬೇಕು. ಆಮೇಲೆ ಹಸಿ ಕಲ್ಲಿನ ಮೇಲೆ ನಿಂತು, ಹುಣಸೆ ಕೊರಡಿನ ಮೇಲೆ ಎಲುಬು ಕಡಿಯಬೇಕು. ಇಷ್ಟೆಲ್ಲ ಮುಗಿಸಿ, ಎರಡೆರಡು ಸಲ ಸಾಬೂನು ಹಚ್ಚಿ ಮೈತೊಳೆದು, ಕೊಲ್ಲಾಪುರದ ಬಸ್ಸು ಹಿಡಿದು, ಎಂ.ಎ. ಇತಿಹಾಸದ ಪಾಠಕ್ಕೆ ಕೂಡಬೇಕು. ಕೂತರೆ ನಿದ್ದೆ. ನಿದ್ದೆ ಬಾರದಿದ್ದರೆ ಬೆರಳು ನೋವು.

ಕಡಿಯುವುದನ್ನು ಬಿಡಪ್ಪ ಎನ್ನೋಣವೆಂದರೆ ಹಾಗೂ ಇರಲಿಲ್ಲ. ಅವನ ಅಪ್ಪ ದುರಗಪ್ಪನ ಬಲಭುಜ ಕಡಿದು ಕಡಿದೇ ಕೆಟ್ಟು, ಕೈ ಕಿವಿಯ ತನಕವೂ ಏಳುತ್ತಿರಲಿಲ್ಲ. ಆತ ತಕ್ಕಡಿ ಹಿಡಿಯುತ್ತಿದ್ದ, ಮಗ ಸತ್ತೂರ ಹಿಡಿಯುತ್ತಿದ್ದ, ಮನೆ ನಡೆಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಹಿಂದಿನ ವರ್ಷದ ಪರೀಕ್ಷೆ ಸೋಮವಾರ ಶುರುವಾಗಿತ್ತು. ಯಾರು ಸೋಮವಾರ ಇಟ್ಟರೋ ಪುಣ್ಯಾತ್ಮರು! ರವಿವಾರ ಊರಿಗೆ ಊರೇ ಮಟನ್ ತಿನ್ನುವ ದಿನ, ಕೈಗೆ ಬಿಡುವೇ ಇಲ್ಲ. ಮರುದಿನ ಪೇಪರು ಅರ್ಧಕ್ಕೆ ಬರುವಷ್ಟರಲ್ಲಿ ಮಲಕಾರಿಯ ಬಲಗೈ ಬೆರಳು ಮಡಚಿಕೊಂಡವು, ಬಿಚ್ಚಲೊಲ್ಲವು. ತಲೆತುಂಬ ಉತ್ತರವಿತ್ತು, ಕೈ ಸತ್ತಿತ್ತು. ಉಳಿದರ್ಧ ಖಾಲಿ ಬಿಟ್ಟೇ ಹಾಳೆ ಒಪ್ಪಿಸಿ ಬಂದ. ನಪಾಸಾದ.

"ಇನ್ನೊಂದ ಸಲ ಬರಿ," ಎಂದಿದ್ದ ದುರಗಪ್ಪ. "ಆಗಲಿಲ್ಲಂದ್ರ ಬಸ್ಸಿನ ಪಾಸ್ ಹರದ ಒಗದ ಅಂಗಡ್ಯಾಗ ಕೂಡು. ಎರಡೂ ಕಡೆ ಜೀವ ತೇಯೂದ ಬ್ಯಾಡ."

ಮಲಕಾರಿ ಒಂದು ಉಪಾಯ ಹೂಡಿದ. ಎಡಗೈಯಿಂದ ಕಡಿಯುವುದನ್ನು ರೂಢಿಸಿಕೊಂಡರೆ ಬಲಗೈ ಪರೀಕ್ಷೆಗೆ ಉಳಿಯುತ್ತದೆ! ಎಡಗೈ ಪಳಗುತ್ತ ಬಂದ ಹೊತ್ತಿಗೆ ರಾವಸಾಹೇಬರು ಬಂದರು. ಹಳೆಯ ಗಿರಾಕಿ, ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳದ ಊಟಕ್ಕೆ ಮಟನ್ ಬೇಕಿತ್ತು.

"ಏನಲೇ ಇದು? ಎಡಗೈಲೆ ಕಡದದ್ದನ್ನ ದೇವರಿಗೆ ಹೆಂಗ ನೈವೇದ್ಯ ಹಿಡೀಲಿ?"

"ತುಣುಕ ಸೊಟ್ಟ ಅದಾವೇನ್ರಿ ಕಾಕಾ? ನೋಡ್ರಿಲ್ಲಿ."

"ತುಣುಕ ಅಲ್ಲೋ, ನಾ ಕೈ ನೋಡಾಕತ್ತೀನಿ," ಎಂದವರೇ ಚೀಲ ಮಡಚಿ ನಡೆದುಬಿಟ್ಟರು. ದುರಗಪ್ಪ ಬೈಯಲಿಲ್ಲ. ಸತ್ತೂರ ಒರೆಸಿ ಮಗನ ಬಲಗೈಗೆ ಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮಲಕಾರಿಗೆ.

ಸರಿ, ಗಿರಾಕಿಗೆ ಎಡಗೈ ಆಗಿಬರುವುದಿಲ್ಲ. ಸರಸ್ವತಿಗೆ ಆಗಿಬರುವುದಿಲ್ಲವೆಂದು ಯಾರೂ ಬಂದು ಹೇಳಿರಲಿಲ್ಲವಲ್ಲ! ಅವತ್ತೇ ರದ್ದಿ ಪೇಪರಿನ ಅಂಚಿನಲ್ಲಿ ಎಡಗೈಯಿಂದ ಬರೆಯಲು ಕೂತ. ಎಂ.ಎ. ಓದುವ ಗಂಡಸು ನಾಲಿಗೆ ಕಚ್ಚಿಕೊಂಡು ಅಆಇಈ ತಿದ್ದುವುದನ್ನು ಕಂಡು ತಾಯಿ ಸಾವಿತ್ರೆವ್ವನ ಜೀವ ಬಾಯಿಗೆ ಬಂತು.

"ಅಯ್ಯ ನನ್ನಪ್ಪಾ, ಯಾರರ ಏನರ ಮಾಡ್ಸ್ಯಾರೇನೋ!" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು, ಅಕ್ಷರ ಮಾತ್ರ ಸೊಟ್ಟಗೇ ಉಳಿಯಿತು. ಪರೀಕ್ಷೆಯ ಹೊತ್ತಿಗೆ ಓದಲು ಬರುವಂತಾಯಿತು, ಅಷ್ಟೇ.

ಈ ವರ್ಷವೂ ಸೋಮವಾರವೇ. ಬಲಗೈ ಬೇಗ ಓಡುತ್ತದೆಂದು ಮೊದಲು ಅದರಿಂದಲೇ ಬರೆದ. ಅಂದುಕೊಂಡಂತೆಯೇ ಅರ್ಧಕ್ಕೆ ಬೆರಳು ಮಡಚಿದವು. ಪೆನ್ನನ್ನು ಎಡಗೈಗೆ ದಾಟಿಸಿ ಬರೆಯತೊಡಗಿದ. ಒಂದು ಪುಟ ಮುಗಿದಿತ್ತೋ ಇಲ್ಲವೋ, ಮೇಲ್ವಿಚಾರಣೆಗೆ ಬಂದಿದ್ದ ಪ್ರಾಧ್ಯಾಪಕ ಬಾಪುಸಾಹೇಬರು ಪಕ್ಕದಲ್ಲಿ ನಿಂತು ಹಾಳೆ ತಿರುವಿ ನೋಡಿದರು. ನಿಪ್ಪಾಣಿ ಬದಿಯ ಬೇಡಕಿಹಾಳದ ಜೈನರು, ಕನ್ನಡದಲ್ಲೇ ಕೇಳಿದರು.

"ಇದು ಯಾರ ಅಕ್ಷರ?"

"ನಂದ್ರಿ."

"ಮತ್ತ ಇದು?"

"ಅದೂ ನಂದ್ರಿ ಸರ್."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಪುಸಾಹೇಬರು ಉತ್ತರಪತ್ರಿಕೆ ಕೈಗೆತ್ತಿಕೊಂಡೇಬಿಟ್ಟರು. ಬೇರೆಯವರಿಂದ ಬರೆಸಿದ ಎಂಬ ಹೆಸರು ಬಂದರೆ ನಪಾಸಿಗಿಂತ ಕಡೆ. ಮುಂದೆ ಯಾವ ಪರೀಕ್ಷೆಗೂ ಕೂಡಿಸಲಿಕ್ಕಿಲ್ಲ.

"ಬಲಗೈ ತೋರ್ಸು. ಮುಷ್ಟಿ ಬಿಚ್ಚು."

"ಬಿಚ್ಚೂದಿಲ್ರಿ ಸರ್. ನಮ್ದು ಮಟನ್ ಅಂಗಡಿ ಐತ್ರಿ. ನಿನ್ನೆ ರವಿವಾರ ಇತ್ತಲ್ರಿ..."

ಬಾಪುಸಾಹೇಬರದು ಬೆಳ್ಳುಳ್ಳಿಯನ್ನೂ ಮನೆಯೊಳಗೆ ತರದ ಮನೆತನ. ಎಷ್ಟು ಸಾಬೂನು ಹಚ್ಚಿದರೂ ಉಗುರಿನ ಸಂದಿಯಲ್ಲಿ ಕೊಬ್ಬಿನ ವಾಸನೆ ಉಳಿಯುತ್ತದೆಂದು ಮಲಕಾರಿಗೆ ಗೊತ್ತಿತ್ತು, ಕೈ ಹಿಂದಕ್ಕೆ ಎಳೆದುಕೊಂಡ. ಅವರು ಬಿಡಲಿಲ್ಲ. ಬೆಂಚಿನ ಮೇಲೆ ಪಕ್ಕಕ್ಕೇ ಕೂತು, ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈ ತಿಕ್ಕಿದರು. ಬಿಟ್ಟೊಡನೆ ಬೆರಳು ಮತ್ತೆ ಮಡಚಿಕೊಂಡವು. ಅವರು ಅಕ್ಷರ ಬದಲಾದ ಜಾಗದಲ್ಲಿ ಎರಡು ಸಾಲು ಬರೆದು ಸಹಿ ಹಾಕಿ, ಉತ್ತರಪತ್ರಿಕೆ ಮುಂದಿಟ್ಟರು.

"ಎರಡೂ ಇವನ ಅಕ್ಷರ, ನಾ ಕಣ್ಣಾರೆ ಕಂಡೇನಿ ಅಂತ ಬರದೇನಿ. ಬರಿ ತಮ್ಮಾ."

ಮಲಕಾರಿಗೆ ಅಳು ಉಕ್ಕಿ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಭುಜಕ್ಕೆ ಕಣ್ಣು ಒತ್ತಿ ಬರೆಯುತ್ತ ಹೋದ.

ಸಂಜೆ ಮನೆಯಲ್ಲಿ ಎಲ್ಲ ಹೇಳಿದ. ಸಾವಿತ್ರೆವ್ವ ಎಣ್ಣೆ ಬಿಸಿ ಮಾಡಿ ಕೈಗೆ ತಿಕ್ಕುತ್ತ, ಆ ಸರ್‌ಗೆ ಒಳ್ಳೇದಾಗ್ಲಿ, ಅವರ ಮಕ್ಕಳಿಗೆ ಒಳ್ಳೇದಾಗ್ಲಿ ಎಂದು ಹರಸಿದ್ದೇ ಹರಸಿದ್ದು. ದುರಗಪ್ಪ ಮಾತ್ರ ಮಗನ ಮಡಚಿದ ಬೆರಳನ್ನೇ ನೋಡುತ್ತ ಕೂತಿದ್ದ.

"ಮುಂದಿನ ಪೇಪರ್ ಯಾವಾಗ?"

"ಮತ್ತ ಸೋಮವಾರನ ಅಪ್ಪಾ."

ಮಲಕಾರಿ ಆ ವರ್ಷ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ, ಮುಂದೆ ಕಾಲೇಜಿನಲ್ಲಿ ಪಾಠವನ್ನೂ ಹೇಳಿದ. ಓಣಿಯ ಮಂದಿ ಅದನ್ನು ಅಷ್ಟಾಗಿ ಹೇಳುವುದಿಲ್ಲ. ಅವರು ಹೇಳುವುದು ಆ ಎರಡು ಪೇಪರುಗಳ ನಡುವಿನ ರವಿವಾರದ ಮಾತನ್ನು.

ಅವತ್ತು ನಸುಕಿನಲ್ಲಿ ಮಲಕಾರಿ ಅಂಗಡಿಗೆ ಬಂದರೆ ಬಾಗಿಲ ಹಲಗೆ ತೆಗೆದಿರಲಿಲ್ಲ. ಹೆತ್ತ ತಾಯಿ ತೀರಿಕೊಂಡ ವಾರವೂ ರವಿವಾರ ಬಿಡದೆ ಅಂಗಡಿ ತೆರೆದಿದ್ದ ದುರಗಪ್ಪ, ಕಟ್ಟೆಯ ಮೇಲೆ ಒಗೆದ ಅಂಗಿ ತೊಟ್ಟು ಕೂತಿದ್ದ. ಚೀಲ ಹಿಡಿದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದರು.

"ಯಾಕೋ ದುರಗಪ್ಪಾ, ಮನ್ಯಾಗ ಯಾರಿಗರ ಏನರ ಆತೇನು?"

"ಏನೂ ಆಗಿಲ್ರಿ," ಎಂದ ದುರಗಪ್ಪ, ಓಣಿಗೆಲ್ಲ ಕೇಳುವಂತೆ. "ನಾಳೆ ನನ್ನ ಮಗನ ಕೈಗೆ ಪರೀಕ್ಷಾ ಐತಿ. ಇವತ್ತ ಅದು ಸತ್ತೂರ ಮುಟ್ಟೂದಿಲ್ಲ. ಬ್ಯಾರೆ ಕಡೆ ತಗೊಳ್ರಿ."

ಆಮೇಲೆ ಮಗನ ಕಡೆ ತಿರುಗಿದ. "ನೀ ಯಾಕ ನಿಂತಿ? ಮನಿಗೆ ಹೋಗಿ ಓದು."