ಕಾಲು ವಾಸಿ

ಟ್ರಂಕಿನ ಮೂಲೆಯಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿದಾಗ ಮೊದಲು ಬಂದದ್ದು ಗಂಜಿಯ ವಾಸನೆ. ಒಳಗೆ ಒಂದೂವರೆ ಮೊಳದ ಕೆಂಪು ನೂಲು. ಎದುರು ಮನೆಯ ಅತ್ತೆ ತೀರಿಕೊಂಡ ವಾರ, ಅವರ ತಂಗಿ ಇದನ್ನು ನನ್ನ ಕೈಗಿಟ್ಟು, “ನಿಂಗೇ ಕೊಡು ಅಂದಿದ್ಲು,” ಎಂದಿದ್ದರು. ಆಗ ಬಿಚ್ಚಿ ನೋಡುವ ಮನಸ್ಸಾಗಿರಲಿಲ್ಲ...

ತಮಿಳುನಾಡಿನ ಎಡಪ್ಪಾಡಿಯ ನಮ್ಮ ಬೀದಿಯಲ್ಲಿ ಎಲ್ಲರೂ ನೇಯುವವರು, ಮನೆಮಾತು ಕನ್ನಡ. ಅತ್ತೆ ನಮಗೆ ರಕ್ತಸಂಬಂಧಿಯಲ್ಲ, ಎದುರು ಮನೆಯವರು, ಅಷ್ಟೇ. ಅವರ ಬಲಗಾಲು ಮೊಣಕಾಲಿಂದ ಕೆಳಗೆ ಊದಿ ಕಂಬದಂತಾಗಿತ್ತು. ಗುಳಿಮಗ್ಗದಲ್ಲಿ ಕೂತು ಕಾಲುಗಳನ್ನು ಗುಳಿಯೊಳಗೆ ಇಳಿಬಿಟ್ಟರೆ ಅವರೂ ಎಲ್ಲರಂತೆಯೇ. ಬಹುಶಃ ಅದಕ್ಕೇ ಅವರು ಮಗ್ಗ ಬಿಟ್ಟು ಏಳುತ್ತಿದ್ದುದು ಕಡಿಮೆ. ಎಡಗಾಲಿಗೆ ಅಂಗಡಿಯ ಚಪ್ಪಲಿ, ಬಲಗಾಲಿಗೆ ಟೈರು ಕತ್ತರಿಸಿ ಹೊಲಿಸಿದ್ದು. ಜೋಡಿಯಲ್ಲಿ ಉಳಿದ ಬಲಗಾಲಿನ ಚಪ್ಪಲಿಯನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದರು. ಒಂದು ದಿನ ಅದನ್ನು ಮೆಟ್ಟಬೇಕೆಂಬುದೇ ಅವರ ಆಸೆ.

ತೊಂಬತ್ತರ ದಶಕ. ನಾನು ಪ್ಲಸ್ ಟೂ ಮುಗಿಸಿದ್ದೆ. ಇಂಥ ಕಾಲಿಗೆ ಆಪರೇಷನ್ ಮಾಡುವ ಡಾಕ್ಟರೊಬ್ಬರು ಸೇಲಂಗೆ ಬರುತ್ತಾರೆಂದು ತಿಳಿಯಿತು. ಓದಿದವಳೆಂದು ಅತ್ತೆ ನನ್ನನ್ನು ಜೊತೆಗೆ ಕರೆದರು. ಡಾಕ್ಟರು ತಮಿಳಿನಲ್ಲಿ ವಿವರಿಸಿದರು. ಕಾಲಿನ ನೀರು ಹರಿಯುವ ಸಣ್ಣ ನಾಳಗಳು ಕಟ್ಟಿಕೊಂಡಿವೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತ, ಕೂದಲಿಗಿಂತ ತೆಳುವಾದ ದಾರದಿಂದ ಅವನ್ನು ರಕ್ತನಾಳಕ್ಕೆ ಹೊಲಿದರೆ ನೀರಿಗೆ ದಾರಿಯಾಗುತ್ತದೆ.

ಅತ್ತೆ ನನ್ನ ಕಿವಿಯಲ್ಲಿ, “ಎಳೆ ಸೇರ್ಸೋದಾ? ಅಂಗಾದ್ರೆ ಇವ್ನೂ ನಮ್ ಬೀದಿಯೋನೇ ಬುಡು,” ಎಂದರು.

ಕೊನೆಗೆ ಡಾಕ್ಟರು, “ವೀಕ್ಕಂ ಕಾಲ್ವಾಸಿ ಕುರೆಯುಂ,” ಎಂದರು. ಊತ ನಾಲ್ಕರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು. ತಮಿಳಿನಲ್ಲಿ ಕಾಲ್ವಾಸಿ ಎಂದರೆ ಕಾಲುಭಾಗ. ನಮ್ಮ ಮನೆಮಾತಿನ ಕಿವಿಗೆ ಅದೇ ಸದ್ದಿನ ಅರ್ಥ ಬೇರೆ.

“ಕಾಲು ವಾಸಿ ಆಯ್ತದಂತಾ, ಪುಳ್ಳೆ?” ಅತ್ತೆ ನನ್ನನ್ನು ಕೇಳಿದರು.

ನಾನು “ಹೂಂ” ಅಂದೆ.

ಯಾಕೆ ಅಂದೆನೋ ಇವತ್ತಿಗೂ ತಿಳಿಯದು. ನನಗೂ ಹಾಗೇ ಕೇಳಿಸಿತ್ತೆ? ಅಥವಾ ಅರಳಿದ ಆ ಮುಖ ನೋಡಿ...? ನೂಲಿನ ಅಂಗಡಿಯಲ್ಲಿ ದಿನವೂ ತಮಿಳು ಆಡುವ ಅತ್ತೆಗೆ ಆ ಮಾತು ಗೊತ್ತಿರಲಿಲ್ಲವೆ?

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ಅವರು ಒಂದು ನೂಲನ್ನು ಮೀನಖಂಡದ ಸುತ್ತ ಹಿಡಿದು, ಸುತ್ತು ಮುಗಿದಲ್ಲಿ ಒಂದು ಗಂಟು ಹಾಕಿದರು. ಹೊಲಿಗೆ ಬಿಚ್ಚಿ, ಗಾಯ ಆರಿ ಮನೆಗೆ ಬಂದ ಮೇಲೆ ಮತ್ತೆ ಅಳೆದು ಎರಡನೆಯ ಗಂಟು ಹಾಕಿದರು. ಕಾಲು ಇಳಿದಿತ್ತು, ನಿಜ. ಅಟ್ಟದಿಂದ ಚಪ್ಪಲಿ ತೆಗೆಸಿದರು. ಬೆರಳುಗಳು ಒಳಗೆ ಹೋದವು. ಪಾದ ಹೋಗಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. ಬೈಯುತ್ತಾರೆಂದುಕೊಂಡೆ. ಅವರು ಚಪ್ಪಲಿಯನ್ನೂ ನನ್ನನ್ನೂ ನೋಡಿ, “ಯಾಕ್ಲೇ ಮೊಕ ಅಂಗ್ ಮಾಡ್ಕೊಂಡಿದ್ದೀಯ? ಕಾಲ್ವಾಸಿ ಅಂದ, ಕಾಲ್ವಾಸಿ ಮಾಡವ್ನೆ. ಮಿಕ್ಕ ಮುಕ್ಕಾಲು ನೀನ್ ಮಾಡು,” ಎಂದು ನಕ್ಕರು.

ಹಾಗಾದರೆ ಮೊದಲೇ ಗೊತ್ತಿತ್ತೆ? ಗೊತ್ತಿದ್ದೂ ನನ್ನ ಬಾಯಿಂದ ಹೂಂ ಅನ್ನಿಸಿದರೋ? ಕೇಳಲಿಲ್ಲ. ಅಂದಿನಿಂದ ದಿನವೂ ಬೆಳಿಗ್ಗೆ ಬೆರಳಿನಿಂದ ಮೊಣಕಾಲಿನವರೆಗೆ ಅವರ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದೆ. ಹಾಗೆ ಸುತ್ತಿದರೆ ಊತ ಏರದೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಮದುವೆಯಾಗಿ ಪಾಪಿರೆಡ್ಡಿಪಟ್ಟಿಗೆ ಹೋಗುವವರೆಗೂ ಸುತ್ತಿದೆ. ಆಮೇಲೆ ಯಾರು ಸುತ್ತಿದರೋ, ಅವರೇ ಬಗ್ಗಿ ಸುತ್ತಿಕೊಂಡರೋ...

ಮೂರು ವರ್ಷದ ಮೇಲೆ ಅತ್ತೆಗೆ ಹೊಟ್ಟೆಯ ಕಾಯಿಲೆ, ಅನ್ನ ಸೇರದೆ ಕಡ್ಡಿಯಂತಾಗಿದ್ದಾರೆ ಎಂದು ಸುದ್ದಿ ಬಂತು. ಬಸ್ಸು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಲಿನ ಮೇಲೆ ಬಟ್ಟೆ ಹೊದಿಸಿದ್ದರು. ಎತ್ತಿ ನೋಡಲಿಲ್ಲ.

ಈಗ ನೂಲನ್ನು ಮಂಚದ ಮೇಲೆ ಹರವಿದ್ದೇನೆ. ನಾನು ಕಂಡ ಗಂಟುಗಳು ಎರಡು. ಇದರಲ್ಲಿ ಮೂರಿವೆ. ಮೂರನೆಯದು ಎರಡನೆಯದಕ್ಕಿಂತ ಬಹಳ ಈಚೆಗೆ ಬಿದ್ದಿದೆ, ಸುತ್ತು ಅಷ್ಟು ಕಿರಿದು. ಆ ಗಂಟಿನವರೆಗೆ ನನ್ನ ಕಾಲಿಗೇ ಸುತ್ತಿ ನೋಡಿದೆ. ಸರಿಯಾಗಿ ಕೂತಿತು.

ನಾನು ಹೋದ ಮೇಲೆ ದಿನವೂ ಪಟ್ಟಿ ಕಟ್ಟಿ ಕಟ್ಟಿ ಕಾಲು ವಾಸಿಯಾಯಿತೆ? ಅಥವಾ ಕೊನೆಯ ದಿನಗಳಲ್ಲಿ ಮೈಯೆಲ್ಲ ಕರಗುವಾಗ ಕಾಲೂ ಕರಗಿತೆ? ಆ ಚಪ್ಪಲಿಯನ್ನು ಕೊನೆಗೂ ಮೆಟ್ಟಿದರೋ? ಅವರ ತಂಗಿಯೂ ಈಗಿಲ್ಲ. ನೂಲನ್ನು ಮತ್ತೆ ಮಡಚುತ್ತ, ಕೇಳುವವರು ಯಾರೂ ಇಲ್ಲದ ಕೋಣೆಯಲ್ಲಿ, ನಾನು ಇನ್ನೊಂದು ಸಲ “ಹೂಂ” ಅಂದೆ.