ಮಂಜವ್ವನ ದನಿ ಬಿದ್ದಿರಲಿಲ್ಲ

ಸವಣೂರಿನ ವೀಳ್ಯದೆಲೆ ಪೇಟೆಯಲ್ಲಿ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ಹಳೇ ನಾಟಕ ಥೇಟರಿನ ರಂಗದ ಕೆಳಗೆ, ಅದನ್ನು ನೋಡಿಕೊಳ್ಳುವ ಗೋಣೆಪ್ಪ ಚಿಮಣಿ ದೀಪ ಹಿಡಿದು ತೆವಳುತ್ತಿದ್ದಾರೆ. ಅಲ್ಲಿ ಹನ್ನೆರಡು ಖಾಲಿ ಹರವಿಗಳನ್ನು, ಅಂದರೆ ಮಣ್ಣಿನ ದೊಡ್ಡ ಕೊಡಗಳನ್ನು, ಕುತ್ತಿಗೆಮಟ ಹೂಳಲಾಗಿದೆ. ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಏಳನೆಯದು ದನಿ ಕೊಡುವುದಿಲ್ಲ. ಹೆಗ್ಗಣ ಅದರೊಳಗೆ ಕೆದರಿ ಹಾಕಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಹಾಕಿ ಮತ್ತೆ ತಟ್ಟುತ್ತಾರೆ. ಈಗ ಅದು ಗುಂಯ್ ಎನ್ನುತ್ತದೆ.

ಆಮೇಲೆ ರಂಗ ಹತ್ತಿ, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಕೇಳುತ್ತಾರೆ: “ರೊಟ್ಟಿ ಬಡದೀಯೇನ?”

ಕಟ್ಟಕಡೆಯ ಬೆಂಚಿನಲ್ಲಿ ಕುಳಿತ ಹೆಂಡತಿ ತಿಪ್ಪವ್ವ ಉತ್ತರಿಸುತ್ತಾರೆ: “ಆಗ್ಲೇ ಬಡದೇನಿ. ಇಳದ ಬರ್ರಿ ಇನ್ನ.”

ದನಿ ಅಲ್ಲಿಗೂ ಮುಟ್ಟಿತು, ಥೇಟರು ನೆಟ್ಟಗಿದೆ ಎಂದು ಅರ್ಥ. ಒಂಬತ್ತು ವರ್ಷಗಳಿಂದ ದಿನವೂ ಇದೇ ಪ್ರಶ್ನೆ, ಇದೇ ಉತ್ತರ.

ಮೊದಲು ಇದು ಹತ್ತಿ ತುಂಬಿಡುವ ವಖಾರಿ. ನಾಟಕದ ಹುಚ್ಚು ಹತ್ತಿದ ಎಲೆ ವ್ಯಾಪಾರಿಯೊಬ್ಬರು ಇದನ್ನು ಕೊಂಡು ಥೇಟರು ಮಾಡಿಸಿದರು. ಮೊಳ ದಪ್ಪದ ಮಣ್ಣಿನ ಗೋಡೆ, ಹದಿನಾರು ಸಾಗವಾನಿ ಕಂಬ, ಮೇಲೆ ತಗಡು. ಹಿಂದೆ ಕುಳಿತವರಿಗೆ ಮುಂದಿನವರ ರುಮಾಲು ಅಡ್ಡ ಬರದಂತೆ ನೆಲವನ್ನು ರಂಗದ ಕಡೆಗೆ ಇಳಿಜಾರು ಮಾಡಿದ್ದಾರೆ. ಮೈಕಿಲ್ಲ. ಹಲಗೆಯಡಿಯ ಖಾಲಿ ಹರವಿಗಳು ಪಾತ್ರಧಾರಿಯ ದನಿಯನ್ನು ಗುಂಯ್‌ಗುಡಿಸಿ ಆರುನೂರು ಜನಕ್ಕೂ ಮುಟ್ಟಿಸುತ್ತವೆ. ನಾಟಕ ಕಂಪನಿ ಬಂದಾಗ ಗೋಣೆಪ್ಪ ನಲವತ್ತೆರಡು ಬೆಂಚು ಒರೆಸಬೇಕು, ಇಪ್ಪತ್ತು ಕೊಡ ನೀರು ಚಿಮುಕಿಸಬೇಕು. ಅದನ್ನು ಯಾರಾದರೂ ಹೊಗಳಿದರೆ ಅವರು ತಲೆ ತಗ್ಗಿಸುತ್ತಾರೆ.

ಮಾಸೂರಿನಲ್ಲಿ ಕಂಡವರ ಗದ್ದೆಯಲ್ಲಿ ದುಡಿಯುತ್ತಿದ್ದ ಗೋಣೆಪ್ಪ ಇಲ್ಲಿಗೆ ಬಂದದ್ದು ಐವತ್ತಾರನೇ ಇಸವಿಯಲ್ಲಿ. ಮರುದಿನವೇ ಕಂಪನಿ ಬರುವುದಿತ್ತು. ರಂಗದಡಿ ಗುಡಿಸಲು ಹೋದಾಗ ಹರವಿಗಳು ಕಂಡವು. ಪೇಪರಿಗೆ ಬರೆಯಲು ಬಂದ ನಮ್ಮೆದುರು ಅವರೇ ಹೇಳುತ್ತಾರೆ:

“ನಮ್ಮೂರಾಗ ಒಳ್ಳೇ ಕೆಲಸಕ್ಕ ಹೊಂಟಾಗ ಬರಿಗೊಡ ಎದುರ ಬಂದ್ರ ತಿರುಗಿ ಮನಿಗೆ ಹೋಗಿ ಕುಂದರ್ತೇವ್ರಿ. ಇಲ್ಲಿ ಹನ್ನೆರಡು ಬರಿಗೊಡದ ಮ್ಯಾಲ ಪಾಪ, ಬಣ್ಣ ಹಚ್ಚಿದವ್ರು ನಿಂದರಬೇಕಲ್ಲ ಅನಿಸ್ತು. ಹಳ್ಳದ ಉಸುಕು ತಂದು ಎಲ್ಲಾ ತುಂಬಿದೆ. ಮ್ಯಾಲ ದೇವರ ಇಬತ್ತಿ ಬ್ಯಾರೆ ಹಚ್ಚಿದೆ.”

ಆ ಕಂಪನಿಯ ನಾಟಕದಲ್ಲಿ ನಾಯಕಿ ಪಾತ್ರ ಮಂಜವ್ವನದು. ಮೊದಲ ಪ್ರವೇಶಕ್ಕೇ ಹಿಂದಿನವರು “ಕೇಳವಲ್ದು” ಎಂದು ಕೂಗಿದರು. ಗಂಡಸರ ಗಡಸು ದನಿ ಹೇಗೋ ದಾಟಿತು, ಮಂಜವ್ವನದು ದಾಟಲಿಲ್ಲ. ಕಿರುಚಿ ಕಿರುಚಿ ಮೂರನೇ ಆಟಕ್ಕೆ ಗಂಟಲು ಒಡೆಯಿತು. ಕಂಪನಿ ಮಾಲೀಕರು ಪಾತ್ರ ಕಸಿದುಕೊಂಡರು. ವಾರದೊಳಗೆ ಮಂಜವ್ವ ಟ್ರಂಕು ಹೊತ್ತು ಕಂಪನಿ ಬಿಟ್ಟರು.

“ಚಾದಂಗಡ್ಯಾಗ ಎಲ್ಲಾರೂ ಆಕಿ ದನಿ ಬಿತ್ತು ಅಂದ್ರು. ನಾನೂ ಅಂದೆ ನೋಡ್ರಿ. ಇದೇ ಬಾಯಿಲೆ.”

ರಂಗ ಕಟ್ಟಿದ್ದ ಬಡಿಗ ಬಾಬಾಜಾನ, ಕಂಪನಿ ಊರು ಬಿಟ್ಟ ಮೇಲೆ ಸಡಿಲಾದ ಹಲಗೆ ಬಡಿಯಲು ಬಂದರು. ಹಿಮ್ಮಡಿಯಿಂದ ಒಂದೇಟು ಹಾಕಿದವರೇ ಮುಖ ಬಾಡಿಸಿದರು. “ಹರವಿ ಯಾರು ತುಂಬ್ಯಾರೋ? ಅವು ಖಾಲಿ ಇದ್ರನ ದನಿ.” ಮಂಜವ್ವನ ದನಿ ನುಂಗಿದ್ದು ತಾನು ತುಂಬಿದ ಉಸುಕೇ ಎಂದು ಗೋಣೆಪ್ಪನಿಗೆ ಆಗ ತಿಳಿಯಿತು. ಅಂದೇ ಮಧ್ಯಾಹ್ನ ಉಸುಕು ತೋಡಿ ಚೆಲ್ಲಿದರು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಬಾಬಾಜಾನರೂ ಯಾರಿಗೂ ಹೇಳಲಿಲ್ಲ.

ನಾಲ್ಕು ವರ್ಷದ ಮೇಲೆ, ಮಂಜವ್ವ ಚಿಕ್ಕೇರೂರಿನಲ್ಲಿ ಅಕ್ಕನ ಮನೆಯಲ್ಲಿದ್ದು ಕಳೆ ತೆಗೆಯಲು ಹೋಗುತ್ತಾರೆಂದು ತಿಳಿಯಿತು. ಎಲ್ಲಾ ಹೇಳಿಬಿಡಬೇಕೆಂದೇ ಗೋಣೆಪ್ಪ ಬಸ್ಸು ಹತ್ತಿದರು. ಬಾಗಿಲಲ್ಲಿ ನಿಂತಾಗ ಬಾಯಿಗೆ ಬಂದದ್ದು ಒಂದೇ, ಕುಡಿಯಲು ನೀರು. ಮಂಜವ್ವ ತಂಬಿಗೆ ಕೊಟ್ಟು “ಯಾವೂರವ್ರಿ?” ಎಂದರು.

“ಮಾಸೂರು ಅಂದೆ. ಸವಣೂರು ಅನ್ನಾಕ ಧೈರ್ಯ ಬರಲಿಲ್ಲ. ಆಕಿ ಒಳಗ ಹೋಗಿ ನನಗಂತ ಬೆಲ್ಲಾನೂ ತಂದ್ಳು. ತಿಂದು ಬಂದ್ನಿರಿ.”

ಇಷ್ಟು ಹೇಳಿ, ಬೆಲ್ಲ ಹಿಡಿದಿದ್ದ ಅಂಗೈ ನೋಡಿಕೊಳ್ಳುತ್ತಾರೆ. ತಿಪ್ಪವ್ವನಿಗೂ ಈ ಸಂಗತಿ ಇಂದೇ ತಿಳಿದದ್ದು. ಫೋಟೋ ತೆಗೆಯುತ್ತೇವೆ ಎಂದರೆ ಗೋಣೆಪ್ಪ ಕೈ ಅಡ್ಡ ಹಿಡಿಯುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಥೇಟರಿನ ಮಾತೇ ಎತ್ತುವುದಿಲ್ಲ.

“ನನ್ನ ಸುದ್ದಿ ಕೆಳಗ ಸಣ್ಣ ಅಕ್ಷರದಾಗ ಹಾಕ್ರಿ. ಮ್ಯಾಲ ದೊಡ್ಡ ಅಕ್ಷರದಾಗ ಆಕಿ ದನಿ ಬಿದ್ದಿರಲಿಲ್ಲ ಅಂತ ಹಾಕ್ರಿ.” ರಂಗದ ಅಂಚಿನಲ್ಲಿ ಕುಳಿತೇ ಅವರು ಮೆಲ್ಲಗೆ ಕೇಳುತ್ತಾರೆ, ಆದರೂ ಕಡೆಯ ಬೆಂಚಿಗೂ ಕೇಳಿಸುತ್ತದೆ: “ನಿಮ್ಮ ಪೇಪರ ಚಿಕ್ಕೇರೂರಿಗೆ ಹೋಗತೈತೇನ್ರಿ?”